‘ಟ್ರೆಬಲ್ ಕ್ಲೆಫ್’ಗೆ ‘ತಾರಸ್ಥಾಯಿ ಚಿಹ್ನೆ’ ಸರಿಯೇ?

ಪಾಶ್ಚಾತ್ಯ ಸ್ವರಲಿಪಿಯ ಬಗ್ಗೆ ಕನ್ನಡದಲ್ಲೊಂದು ಕಿರುಪಾಠ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ‘ಟ್ರೆಬಲ್ ಕ್ಲೆಫ್’, ಅಂದರೆ ಸ್ವರ ಬರೆಯುವ ಐದು ಗೆರೆಗಳ ಆರಂಭದಲ್ಲಿ ಹಾಕುವ ಸುರುಳಿ ಚಿಹ್ನೆ, ತಡೆದು ನಿಲ್ಲಿಸಿದೆ. ‘ಟ್ರೆಬಲ್’ ಎಂದರೆ ಎತ್ತರದ ದನಿ, ಹಾಗಾಗಿ ‘ತಾರಸ್ಥಾಯಿ ಚಿಹ್ನೆ’ ಎಂಬುದು ಥಟ್ಟನೆ ಹೊಳೆಯುವ ಪದ. ಆದರೆ ಹೊಸಬರನ್ನು ಅದು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ.

ಆ ಐದು ಗೆರೆಗಳಿಗೆ ತಮ್ಮದೇ ಹೆಸರಿಲ್ಲ. ಈ ಚಿಹ್ನೆಯ ಸುರುಳಿ ಕೆಳಗಿನಿಂದ ಎರಡನೆಯ ಗೆರೆಯನ್ನು ಸುತ್ತಿಕೊಂಡು ‘ಇದು ಜಿ ಸ್ವರ’ ಎಂದು ಗೊತ್ತುಮಾಡುತ್ತದೆ. ಮಿಕ್ಕದ್ದೆಲ್ಲ ಅಲ್ಲಿಂದ ಎಣಿಕೆ: ಗೆರೆಗಳು ಇ, ಜಿ, ಬಿ, ಡಿ, ಎಫ್, ನಡುವಣ ತೆರಪುಗಳು ಎಫ್, ಎ, ಸಿ, ಇ. ಚಿಹ್ನೆಯ ಆಕಾರವೂ ಮೂಲದಲ್ಲಿ ಜಿ ಅಕ್ಷರವೇ, ಬರೆಯುವವರ ಕೈಯಲ್ಲಿ ಬಳುಕುತ್ತ ಬಳುಕುತ್ತ ಹೀಗಾಗಿದೆ. ಪಿಯಾನೊದ ನಡುವಿನ ಸಿ ಇಲ್ಲಿ ಕೆಳಗೆ ಒಂದೇ ಒಂದು ತುಂಡುಗೆರೆಯ ಮೇಲೆ ಕೂರುತ್ತದೆ. ಗಿಟಾರಿಗೂ ಇದೇ ಚಿಹ್ನೆ. ಅದು ನುಡಿಯುವುದು ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ. ಇದನ್ನು ತಾರಸ್ಥಾಯಿ ಎನ್ನುವುದು ಹೇಗೆ? ಮೇಲಾಗಿ ನಮ್ಮ ತಾರಸ್ಥಾಯಿ ಹಾಡುವವರ ಷಡ್ಜದೊಂದಿಗೆ ಸರಿಯುವಂಥದ್ದು.

ಫ್ರೆಂಚರು ಇದನ್ನು ‘ಸೋಲ್’ (ಜಿಗೆ ಅವರ ಹೆಸರು) ಸ್ವರದ ಕೀಲಿ ಎನ್ನುತ್ತಾರೆ, ಜರ್ಮನರು ವಯಲಿನ್ ಕೀಲಿ ಎನ್ನುತ್ತಾರೆ. ಅವರ ಹೆಸರುಗಳಲ್ಲಿ ‘ಮೇಲಿನದು’ ಎಂಬ ಸುಳಿವೇ ಇಲ್ಲ.

‘ಜಿ’ಯನ್ನು ‘ಗ’ ಎಂದು ಬರೆದರೆ ಇನ್ನೊಂದು ಅಪಾಯ: ಓದುಗರು ಗಾಂಧಾರ ಎಂದುಕೊಳ್ಳುತ್ತಾರೆ. ಸಿಯನ್ನು ಷಡ್ಜವಾಗಿ ಹಿಡಿದರೆ ಜಿ ಪಂಚಮವಾಗುತ್ತದೆ. ಹಾಗೆಂದು ‘ಪ’ ಎನ್ನಲೂ ಬಾರದು, ಷಡ್ಜ ಬದಲಾದರೆ ಅದೂ ಸುಳ್ಳಾಗುತ್ತದೆ. ಆದ್ದರಿಂದ ‘ಜಿ’ ಹಾಗೆಯೇ ಉಳಿಯಲಿ.

ಉಳಿದದ್ದು ‘ಕ್ಲೆಫ್’. ಲ್ಯಾಟಿನ್ನಿನ ‘ಕ್ಲಾವಿಸ್’ ಅದರ ಮೂಲ, ಅರ್ಥ ಬೀಗದ ಕೈ. ‘ಕೀಲಿ’ ಎನ್ನೋಣವೆಂದರೆ ಪಿಯಾನೊದ ಕೀಲಿಗಳು ಅದೇ ಪಾಠದಲ್ಲಿ ಬರುತ್ತವೆ, ಗೊಂದಲ ಖಂಡಿತ. ಹೀಗೆ ಯೋಚಿಸುತ್ತಿದ್ದಾಗ ‘ಕೀಲ’ ನೆನಪಾಯಿತು: ಗೂಟ, ಮೊಳೆ. ಈ ಚಿಹ್ನೆ ಮಾಡುವುದೂ ಅದನ್ನೇ, ಒಂದು ಸ್ವರವನ್ನು ಒಂದು ಗೆರೆಗೆ ಜಡಿಯುತ್ತದೆ. ಬೀಗದ ಕೈಗಿಂತ ಗೂಟವೇ ಕೆಲಸಕ್ಕೆ ಹತ್ತಿರ ಎನಿಸಿ ತುಂಬ ಖುಷಿಯಾಯಿತು. ಟ್ರೆಬಲ್ ಕ್ಲೆಫ್ ‘ಜಿ ಕೀಲ’ವಾದರೆ, ತಗ್ಗಿನ ಸ್ವರಗಳಿಗೆ ಬಳಸುವ ಬೇಸ್ ಕ್ಲೆಫ್ ‘ಎಫ್ ಕೀಲ’ವಾಗುತ್ತದೆ; ಅದರ ಎರಡು ಚುಕ್ಕಿಗಳು ನಾಲ್ಕನೆಯ ಗೆರೆಯ ಮೇಲೂ ಕೆಳಗೂ ಇರುತ್ತವೆ. ಸಿಯನ್ನು ಗುರುತಿಸುವ ‘ಸಿ ಕೀಲ’ವಂತೂ ವಯೋಲಾ ವಾದ್ಯಕ್ಕೆ ಮೂರನೆಯ ಗೆರೆಯಲ್ಲಿ, ಟೆನರ್ ಕ್ಲೆಫ್ ಆದಾಗ ನಾಲ್ಕನೆಯದರಲ್ಲಿ, ಗೂಟ ಕಿತ್ತು ಬೇರೆಡೆ ನೆಟ್ಟಂತೆ.

‘ಜಿ ಕೀಲ’ ಕಿವಿಗೆ ಹೇಗೆ ಕೇಳಿಸುತ್ತದೆ? ‘ಕೀಲು’ ಎಂದೇ ಬರೆದರೆ ಮೂಳೆಯ ಕೀಲು ಅಡ್ಡ ಬರುವುದೇ? ಸಂಗೀತ ಕಲಿಸುವವರು ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.