ಅಪ್‌ಡೇಟ್: ಗಿಟಾರ್ ಲ್ಯಾಕರ್‌ನ ಬಿಳುಪು ಹೋಯಿತು

ಮಡಿಕೇರಿ ಮಳೆಯಲ್ಲಿ ಕಿಟ್ ಗಿಟಾರ್‌ನ (ಬಿಡಿಭಾಗ ತಂದು ನಾವೇ ಜೋಡಿಸುವಂಥದ್ದು) ಬಾಡಿ ಮೇಲೆ ಹೊಡೆದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಮಜ್ಜಿಗೆ ಬಳಿದಂತೆ ಬೆಳ್ಳಗಾಗಿದೆ, ಪೂರ್ತಿ ಕೆರೆಯಬೇಕಾ ಎಂದು ಇಲ್ಲಿ ಕೇಳಿದ್ದೆ. ಬೇಕಾಗಲಿಲ್ಲ.

ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಒಳಗೆ ಸಿಕ್ಕಿಕೊಳ್ಳುತ್ತದೆ, ಬಿಳುಪು ಅದೇ. ನೀವು ಹೇಳಿದಂತೆ ಬರೀ ರಿಟಾರ್ಡರ್ ಥಿನ್ನರನ್ನು (ನಿಧಾನವಾಗಿ ಆರುವ ಥಿನ್ನರ್) ಮಂಜಿನಷ್ಟು ತೆಳ್ಳಗೆ ಸ್ಪ್ರೇ ಮಾಡಿದೆ. ಲ್ಯಾಕರ್ ಮತ್ತೆ ಮೆತ್ತಗಾಗಿ ತೇವ ಬಿಟ್ಟುಕೊಟ್ಟಿತು. ಜಾಸ್ತಿ ಬಿದ್ದರೆ ಅಂಚಿನಲ್ಲಿ ಸೋರುತ್ತದೆ, ಹುಷಾರ್.

ಮುಂದಿನ ಕೋಟ್‌ಗಳಿಗೆ ಥಿನ್ನರ್‌ನಲ್ಲಿ ಶೇ. 5–10 ರಿಟಾರ್ಡರ್, ಅದೂ ಮಳೆ ಬಿಟ್ಟ ಮಧ್ಯಾಹ್ನ ಮಾತ್ರ. ಒಣಗಲೆಂದು ಹೀಟರ್ ಹತ್ತಿರ ಸ್ಪ್ರೇ ಬೇಡವೇ ಬೇಡ, ಆವಿ ಹೊತ್ತಿಕೊಳ್ಳುತ್ತದೆ. ಬಾಡಿಯಲ್ಲಿ ನೆಕ್ (ಗಿಟಾರ್‌ನ ಉದ್ದನೆ ಕತ್ತು) ಕೂರುವ ಗುಂಡಿಯೊಳಗೆ ಮಾಸ್ಕಿಂಗ್ ಟೇಪ್ ಹಾಕಿ. ಅಲ್ಲಿ ಲ್ಯಾಕರ್ ಸೇರಿದರೆ ನೆಕ್ ಬಿಗಿಯಾಗಿ, ಅಂಚು ಬಿರಿಯುತ್ತದೆ.

ಸ್ಪ್ರೇ ಮಾಡಲು ಕಂಪ್ರೆಸರ್ ಇಲ್ಲದವರಿಗೆ ಬಟ್ಟೆಯಲ್ಲಿ ಒರೆಸುವ ಆಯಿಲ್ ಬೇಸ್ ಪಾಲಿಯುರಿಥೇನ್ ವಾರ್ನಿಶ್ಶೇ ವಾಸಿ. ಒಣಗಲು ನಿಧಾನ, ಖರ್ಚು ಕಡಿಮೆ.