ಕನ್ನಡ ಸೈಟಿಗೆ ಯಾವ ಹೋಸ್ಟಿಂಗ್ ತಗೊಳ್ಳಲಿ? ಅನುಭವ ಇದ್ದವರು ಹೇಳಿ

ನಮಸ್ಕಾರ. ಸಿರ್ಸಿ ಹತ್ತಿರ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲೇ ಬರುತ್ತದೆ. ಈಗ ಕನ್ನಡದಲ್ಲೇ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) ಬಳಸಿ ಒಂದು ಸೈಟ್ ಮಾಡೋಣ ಅಂತ ಇದ್ದೇವೆ. ಹೋಸ್ಟಿಂಗ್‌ಗೆ, ಅಂದರೆ ಸೈಟ್ ಇಡುವ ಬಾಡಿಗೆ ಜಾಗಕ್ಕೆ, ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಅರ್ಧ ಬೆಲೆ, ಡೊಮೇನ್ (ಸೈಟಿನ ವಿಳಾಸ) ಪುಕ್ಕಟೆ ಅಂತ ಒಂದು ಕಂಪನಿಯವರು ಹೇಳುತ್ತಿದ್ದಾರೆ. ತಗೊಳ್ಳಬಹುದಾ?

*

ಯಾವ ಕಂಪನಿ ಅನ್ನುವುದಕ್ಕಿಂತ ಮೊದಲು ಡೊಮೇನ್ ವಿಷಯ ಹೇಳಿಬಿಡುತ್ತೇನೆ, ನಾವು ಪೆಟ್ಟು ತಿಂದಿದ್ದು ಅಲ್ಲೇ. ನಮ್ಮೂರಿನ ಯಕ್ಷಗಾನ ಸಂಘಕ್ಕೆ ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನೂ ತನ್ನ ಹೆಸರಲ್ಲೇ, ತನ್ನ ಇಮೇಲ್ ಕೊಟ್ಟೇ ತೆಗೆದಿದ್ದ. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಕೆಲಸ ಸಿಕ್ಕಿ ಹೊರದೇಶಕ್ಕೆ ಹೋದ, ನಂಬರ್ ಬದಲಾಯಿತು, ರಿನ್ಯೂ ಮಾಡಿ ಅಂತ ಬಂದ ಮೇಲ್‌ಗಳೆಲ್ಲ ಅವನು ತೆರೆಯದ ಹಳೇ ಇನ್‌ಬಾಕ್ಸಿನಲ್ಲೇ ಉಳಿದವು. ಒಂದು ದಿನ ನೋಡಿದರೆ ಸೈಟೇ ಇಲ್ಲ, ಹೆಸರು ಬೇರೆ ಯಾರದೋ ಪಾಲಾಗಿದೆ. ಕರಪತ್ರ, ಬ್ಯಾನರ್ ಎಲ್ಲದರಲ್ಲೂ ಅದೇ ವಿಳಾಸ ಅಚ್ಚಾಗಿತ್ತು.

ಅದಕ್ಕೇ ಡೊಮೇನನ್ನು ನಿಮ್ಮ ಹೆಸರಲ್ಲೇ, ಹೋಸ್ಟಿಂಗ್‌ನವರನ್ನು ಬಿಟ್ಟು ಬೇರೆ ಕಡೆ ತೆಗೆಯಿರಿ. ಆಗ ಹೋಸ್ಟಿಂಗ್ ಸರಿ ಬರಲಿಲ್ಲ ಅಂದರೆ ನೇಮ್‌ಸರ್ವರ್ (ಡೊಮೇನ್ ಯಾವ ಹೋಸ್ಟಿಂಗ್ ಕಡೆ ತೋರಿಸಬೇಕು ಅನ್ನುವ ಸೆಟ್ಟಿಂಗ್) ಬದಲಿಸಿ ಇನ್ನೊಂದು ಕಡೆ ಹೋಗಬಹುದು. ಪುಕ್ಕಟೆ ಡೊಮೇನ್ ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಮಾತ್ರ.

ಬೆಲೆಯೂ ಹಾಗೇ. ದೊಡ್ಡ ಅಕ್ಷರದಲ್ಲಿ ಹಾಕುವುದು ಮೊದಲ ಸಲದ ಬೆಲೆ. ರಿನ್ಯೂವಲ್‌ಗೆ ಅದರ ಎರಡು ಮೂರು ಪಟ್ಟು ಇರುವುದೂ ಉಂಟು, ಅದರ ಮೇಲೆ 18% ಜಿಎಸ್‌ಟಿ. ನಾನಾಗಿದ್ದರೆ ಒಂದೇ ವರ್ಷಕ್ಕೆ ಕಟ್ಟಿ ನೋಡುತ್ತಿದ್ದೆ. ಎಸ್‌ಎಸ್‌ಎಲ್‌ಗೆ (ಸೈಟನ್ನು ಸುರಕ್ಷಿತವಾಗಿಸುವ ಸರ್ಟಿಫಿಕೇಟ್) ಬೇರೆ ದುಡ್ಡು ಕೇಳಿದರೆ ಬಿಡಿ, ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ. ಅನ್‌ಲಿಮಿಟೆಡ್ ಅಂದರೂ ಎಷ್ಟು ಫೈಲ್ ಇಡಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ, ಐನೋಡ್ ಅಂತ ಬರೆದಿರುತ್ತಾರೆ. ನೀವು ಭರಣಿಯ ಒಂದು ಫೋಟೋ ಹಾಕಿದರೆ ವರ್ಡ್‌ಪ್ರೆಸ್ ಅದನ್ನೇ ನಾಲ್ಕಾರು ಅಳತೆಯಲ್ಲಿ ಮಾಡಿ ಇಟ್ಟುಕೊಳ್ಳುತ್ತದೆ, ಅಲ್ವಾ? ಲೆಕ್ಕ ಬೇಗ ಏರುತ್ತದೆ.

*

ನನ್ನ ಅನುಭವ ಬ್ಯಾಕಪ್‌ನದ್ದು. ಕನ್ನಡ ಬರಹಗಳ ಸೈಟನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸಿದೆ. ತೆರೆದರೆ ಪುಟದ ತುಂಬಾ ಬರೀ ಪ್ರಶ್ನೆ ಚಿಹ್ನೆ, ಒಂದು ಕನ್ನಡ ಅಕ್ಷರ ಇಲ್ಲ. ಬರಹವೆಲ್ಲ ಇರುವ ಡೇಟಾಬೇಸ್ ಇಳಿಸುವಾಗ ಅದು ಲ್ಯಾಟಿನ್1 ಅನ್ನುವ ಅಕ್ಷರ ಸಂಕೇತಕ್ಕೆ ಬದಲಾಗಿಬಿಟ್ಟಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಳೇ ಹೋಸ್ಟಿಂಗ್ ಅವಧಿ ಇನ್ನೂ ಮುಗಿದಿರಲಿಲ್ಲ, ಅದೊಂದು ಪುಣ್ಯ. ಕನ್ನಡವೂ ಹಿಡಿಸುವ ಯುಟಿಎಫ್8ಎಂಬಿ4 ಸಂಕೇತ ಇಟ್ಟು ಮತ್ತೆ ಇಳಿಸಿಕೊಂಡೆ, ಎಲ್ಲ ಬಂತು. ಅವತ್ತಿನ ಆತಂಕ ನಿಮಗೆ ಬೇಡ. ಬ್ಯಾಕಪ್ ಫೈಲ್ ತೆರೆದು ಕನ್ನಡ ಕಾಣುತ್ತದಾ ಅಂತ ಒಮ್ಮೆ ನೋಡಿ, ಒಂದು ಪ್ರತಿ ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ಇರಲಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನುವ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು.

ಗಿರಾಕಿಗಳು ಇಲ್ಲಿಯವರೇ ಆದರೆ ಮುಂಬೈ ಸರ್ವರ್ ಕೇಳಿ. ದುಡ್ಡು ಕಟ್ಟುವ ಮೊದಲು ಒಂದು ಭಾನುವಾರ ರಾತ್ರಿ ಅವರ ಚಾಟ್‌ನಲ್ಲಿ ಕೇಳಿ: ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ, ವಾಪಸ್ ಹಾಕಿಕೊಡಲು ಬೇರೆ ದುಡ್ಡಾ? ಉತ್ತರ ಕೊಡುವ ರೀತಿಯಲ್ಲೇ ಅವರ ಸಪೋರ್ಟ್ ಹೇಗೆ ಅಂತ ಗೊತ್ತಾಗುತ್ತದೆ.

*

ಇಬ್ಬರಿಗೂ ತುಂಬಾ ಧನ್ಯವಾದ. ಮೂರು ವರ್ಷದ್ದು ಬೇಡ ಅಂತ ಹೇಳಿಬಿಟ್ಟೆ. ಡೊಮೇನ್ ಅಮ್ಮನ ಹೆಸರಲ್ಲಿ ತೆಗೆದು, ಇಮೇಲ್ ನನ್ನದು ಕೊಡಬಹುದಾ?

*

ಕೊಡಬಹುದು. ಆದರೆ ಅದೇ ಡೊಮೇನಿನ ಮೇಲೆ ಮಾಡಿಕೊಂಡ ಇಮೇಲ್ ಕೊಡಬೇಡಿ. ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ.