ಅಪ್‌ಡೇಟ್: ಧಾರವಾಡದ ಮುಸುರಿ ಗ್ಯಾಸ್ ಈಗ ನೀಲಿಯಾಗಿ ಉರಿಯುತ್ತಿದೆ
ಮೊದಲು ಕೇಳಿದ್ದು ಇದು: 1000 ಲೀಟರ್ ಬಯೋಗ್ಯಾಸ್ ಟ್ಯಾಂಕ್, ಹಾಕುವುದು ಅಡುಗೆಮನೆಯ ಮುಸುರಿ ಮಾತ್ರ. ಗ್ಯಾಸ್ ತುಂಬಿಕೊಳ್ಳುವ ಡ್ರಮ್ ಮೇಲೇಳುತ್ತದೆ, ಒಲೆ ಹತ್ತುವುದಿಲ್ಲ, ಯಾಕೆ?

ನೀವು ಹೇಳಿದಂತೆ ತೊಂದರೆ ಹುಳಿಯದ್ದೇ. ಟ್ಯಾಂಕಿನಿಂದ ಹೊರಬರುವ ಸ್ಲರಿಯಲ್ಲಿ (ಕೊಳೆತ ತೆಳು ರಾಡಿಯಲ್ಲಿ) ಪಿಎಚ್ ಪಟ್ಟಿ (ಹುಳಿ ಅಳೆಯುವ ಕಾಗದ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಅದ್ದಿದರೆ 5.5 ತೋರಿಸಿತು, ಇರಬೇಕಾದದ್ದು 6.8ರಿಂದ 7.4. ಅನ್ನ, ರೊಟ್ಟಿ ಚೂರನ್ನು ಆಮ್ಲ ಮಾಡುವ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಆ ಆಮ್ಲದಿಂದ ಮೀಥೇನ್ (ಉರಿಯುವ ಗ್ಯಾಸ್) ಮಾಡುವ ಜೀವಿಗಳು ಬಲು ನಿಧಾನ. ಮುಸುರಿ ಹೆಚ್ಚಾದರೆ, ಚಳಿಗೆ ಟ್ಯಾಂಕ್ ತಣ್ಣಗಾದರೆ ಇವು ಹಿಂದೆ ಬೀಳುತ್ತವೆ. ಆಗ ಡ್ರಮ್ ಎತ್ತುವುದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಅದು ಉರಿಯುವುದಿಲ್ಲ.

ನಿಜವಾದ ಮದ್ದು ಸ್ಲರಿ. ಮುಸುರಿ ಪೂರ್ತಿ ನಿಲ್ಲಿಸಿ, ಚಾಲೂ ಇರುವ ಸಗಣಿ ಗ್ಯಾಸ್ ಗುಂಡಿಯಿಂದ ತಂದ 40 ಲೀಟರ್ ಸ್ಲರಿ ಸೇರಿಸಿದೆ. ಜೊತೆಗೆ ಅಡುಗೆ ಸೋಡಾ 500 ಗ್ರಾಂ ನೀರಿನಲ್ಲಿ ಕರಗಿಸಿ, ಪಿಎಚ್ ನೋಡುತ್ತಾ ದಿನ ಬಿಟ್ಟು ದಿನ. ಸುಣ್ಣ ಒಮ್ಮೆಲೇ ಸುರಿಯಬೇಡಿ: ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿ ಗಸಿಯಾಗಿ ತಳ ಹಿಡಿಯುತ್ತದೆ.

ಪಿಎಚ್ 7 ದಾಟಿದ ಮೇಲೆ ಹಳೇ ಗ್ಯಾಸನ್ನು ಬಯಲಿಗೆ ಬಿಟ್ಟು, ದಿನಕ್ಕೆ ಅರ್ಧ ಕಿಲೋ ಮುಸುರಿಯನ್ನು ಸಣ್ಣಗೆ ರುಬ್ಬಿ, ಅಷ್ಟೇ ನೀರು ಬೆರೆಸಿ ಶುರು ಮಾಡಿದೆ. ವಾರಕ್ಕೆ ಅರ್ಧ ಕಿಲೋ ಏರಿಸಿ 2 ಕಿಲೋಕ್ಕೆ ನಿಲ್ಲಿಸಿದೆ. ನಿಂಬೆ ಸಿಪ್ಪೆ, ಉಳ್ಳಾಗಡ್ಡಿ ಸಿಪ್ಪೆ, ಮೊಟ್ಟೆ ಚಿಪ್ಪು ಹಾಕುವುದಿಲ್ಲ.

ಒಲೆಯದ್ದೂ ಒಂದು ಮಾತು. ಎಲ್‌ಪಿಜಿ ಒಲೆಯ ಜೆಟ್ (ಗ್ಯಾಸ್ ಹೊರಡುವ ತೂತು) ಈ ಗ್ಯಾಸಿಗೆ ತೀರಾ ಸಣ್ಣದು, ಅಗಲ ಮಾಡಿಸಲೇಬೇಕು. ಹತ್ತಿಸಿ ನೋಡುವುದು ಒಲೆಯಲ್ಲೇ, ಟ್ಯಾಂಕಿನ ಪೈಪಿನ ಬಾಯಲ್ಲಿ ಎಂದೂ ಬೇಡ.